ಅಕ್ಕನ ಡೈರಿ ಎಲೆಕ್ಷನ್ನಿಗೆ ಹೋಗಿಬಂದದ್ದು

ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಪ್ರಜಾಪ್ರಭುತ್ವ ಎಂದರೇನು ಎಂದು ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲೆ. ಕೇಳದಿದ್ದರೂ ಹೇಳುತ್ತೇನೆ ಎಂಬ ದೂರು ಮನೆಯಲ್ಲಿದೆ. ಕಳೆದ ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಮೈಸೂರಿನಲ್ಲಿ ಬಸ್ಸು ಹತ್ತಿದೆ. ನನ್ನ ಅಕ್ಕ ಜಯಮ್ಮ ತನ್ನ ಊರಿನ ಹಾಲಿನ ಡೈರಿಯ ಚುನಾವಣೆಗೆ ನಿಂತಿದ್ದಳು. ಭಾವ ತೀರಿಕೊಂಡ ಮೇಲೆ ಹೊಲ, ಹಸು, ಹೊಗೆಸೊಪ್ಪು ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುವವಳು. ಬಾ ಎಂದು ಅವಳು ಕರೆಯಲಿಲ್ಲ, ನಾನೇ ಹೊರಟೆ.

ಹುಣಸೂರಿಗೆ ನಲವತ್ತೈದು ಕಿಲೋಮೀಟರ್. ನಾನು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದು, "ನಾವು ಓಟ್ ಹಾಕಿದ್ದಕ್ಕೆ ಬಸ್ಸಾದ್ರೂ ಸಿಕ್ತು, ನಿಮಗೇನ್ ಸಿಕ್ತು ಸ್ವಾಮಿ?" ಎಂದು ನಕ್ಕಳು. ಹುಣಸೂರಿನಲ್ಲಿ ಸೋನೆ ಹಿಡಿದಿತ್ತು, ಲಕ್ಷ್ಮಣತೀರ್ಥ ಕೆಂಪಗೆ ತುಂಬಿ ಹರಿಯುತ್ತಿತ್ತು. ಸ್ಟ್ಯಾಂಡಿನ ಎದುರು ಇಡ್ಲಿ ತಿಂದು, ಪಿರಿಯಾಪಟ್ಟಣದ ಬಸ್ಸು ಹಿಡಿದು, ಕಂಪಲಾಪುರದಲ್ಲಿ ಇಳಿದೆ. ಅಲ್ಲಿಂದ ಅಕ್ಕನ ಊರಿಗೆ ಆಟೋದಲ್ಲಿ ನಾಲ್ಕು ಕಿಲೋಮೀಟರ್.

ಅಕ್ಕ ಮನೆಯ ಹಿಂದೆ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿದ್ದಳು. ಬ್ಯಾರನ್ ಎಂದರೆ ಹೊಗೆಸೊಪ್ಪು ಒಣಗಿಸುವ ಎತ್ತರದ ಗೂಡು. ಅಂದು ಬೆಂಕಿಯ ಐದನೆಯ ದಿನ, ಎಲೆಯ ನರ ಒಣಗುವ ಹೊತ್ತು. ಆಗ ಕಾವು ಇಳಿದರೆ ಸೊಪ್ಪು ಕಪ್ಪಾಗಿ ವರ್ಷದ ದುಡಿಮೆ ಬೂದಿ.

ಊರಿನವರು ಕೂತು ಮಾತಾಡಿ ಉಳಿದ ಸ್ಥಾನಗಳನ್ನೆಲ್ಲ ಅವಿರೋಧ ಮಾಡಿದ್ದರು. ಹೆಂಗಸರ ಒಂದು ಸ್ಥಾನದಲ್ಲಿ ಮಾತ್ರ ಅಕ್ಕ ನಾಮಪತ್ರ ವಾಪಸ್ ತೆಗೆಯಲಿಲ್ಲ. ಎದುರಾಳಿ ಪಕ್ಕದ ಮನೆ ಬಸವಣ್ಣನ ತಮ್ಮನ ಹೆಂಡತಿ.

"ಏನಕ್ಕ ನಿನ್ನ ಪ್ರಣಾಳಿಕೆ?" ಎಂದೆ.

"ಹಾಲಿನ ಫ್ಯಾಟು ತೋರ್ಸೋ ಮಿಷಿನ್ನು ಒಳಕ್ಕೆ ಮುಖ ಮಾಡ್ಕೊಂಡು ಕುಂತದೆ, ರೇಟು ಕಟ್ಟೋ ಅಂಕಿ ನಮ್ಗೆ ಕಾಣಕಿಲ್ಲ. ಅದ್ನ ಹಾಲು ಹಾಕೋರ ಕಡೆಗೆ ತಿರುಗಿಸ್ಬೇಕು. ಅಷ್ಟೇ ಕಣಪ್ಪ." ಅವಳ ಗುರುತು ಛತ್ರಿ. ಮಳೆರಾಯ ಬೆಳಗಿನಿಂದ ತನ್ನ ಪರ ಪ್ರಚಾರ ಮಾಡ್ತಾವ್ನೆ ಎಂದು ನಕ್ಕಳು.

ಹತ್ತು ಗಂಟೆಗೆ ಬೆಂಕಿ ಕಾಯಲು ಬಂದವನು ಅದೇ ಬಸವಣ್ಣ. ರಾತ್ರಿಯಿಡೀ ತನ್ನ ಬ್ಯಾರನ್ ಕಾದು ಕಣ್ಣು ಕೆಂಪಗಾಗಿತ್ತು. ಎರಡು ಮನೆಗೂ ಇಪ್ಪತ್ತು ವರ್ಷದ ಮುಯ್ಯಿ: ಇವಳ ಒಲೆಗೆ ಅವನು, ಅವನ ಒಲೆಗೆ ಇವಳು. ನಾನು ಅಕ್ಕನನ್ನು ಆಚೆ ಕರೆದು, "ಎದುರು ಪಾರ್ಟಿಯವನ ಕೈಗೆ ಬ್ಯಾರನ್ ಕೊಡ್ತೀಯಾ?" ಎಂದು ಪಿಸುಗುಟ್ಟಿದೆ.

"ಓಟು ಅವರ ಮನೇದು, ಬೆಂಕಿ ಇಬ್ರುದೂವೆ. ಸುಮ್ನೆ ಕುಂತ್ಕೊ," ಎಂದು ಅಕ್ಕ ಮತಗಟ್ಟೆಗೆ ಹೊರಟಳು.

ಬಸವಣ್ಣ ಗಾಜಿನ ಕಿಂಡಿಯಲ್ಲಿ ಕಾವು ನೋಡುವುದನ್ನು, ಸೌದೆ ತಳ್ಳುವುದನ್ನು ನನಗೆ ಕಲಿಸಿದ. "ಮೇಷ್ಟ್ರೇ, ನನ್ ಓಟು ನಿಮ್ಮಕ್ಕಂಗಿಲ್ಲ ಕಣ್ರೀ. ಅಕ್ಕಂಗೂ ಹೇಳ್ಬುಟ್ಟಿವ್ನಿ," ಎಂದ. ಇಬ್ಬರೂ ಮುದ್ದೆ, ಹುರುಳಿ ಬಸ್ಸಾರು ಉಂಡೆವು. ಎರಡು ಗಂಟೆಗೆ ಅವನು ಗೋಣಿಚೀಲದ ಮೇಲೆ ಒರಗಿ, "ಒಂದ್ಗಳಿಗೆ ಕಣ್ಮುಚ್ತೀನಿ. ಎರಡೂವರೆಗೆ ಎಬ್ಬಿಸ್ಬುಡಿ, ಓಗಿ ಓಟ್ ಹಾಕ್ಬತ್ತೀನಿ," ಎಂದವನೇ ಗೊರಕೆ ಹೊಡೆದ. ಫೋನು ಮನೆಯಲ್ಲಿ ಚಾರ್ಜಿಗಿಟ್ಟು ಬಂದಿದ್ದ. ಮತದಾನ ನಾಲ್ಕಕ್ಕೆ ಮುಗಿಯುವುದಿತ್ತು.

ಎರಡೂವರೆ ಆಯಿತು. ಪಾಪ, ನಿದ್ದೆಗೆಟ್ಟವನು, ಇನ್ನು ಐದು ನಿಮಿಷ ಮಲಗಲಿ ಎಂದುಕೊಂಡೆ. ಮೂರಾಯಿತು. ಆಗಲೂ ಪಾಪ ಎಂದುಕೊಂಡೆ. ಆದರೆ ನನ್ನ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ. ಬೆಂಕಿಯನ್ನು ಮಾತ್ರ ಬಹಳ ನಿಷ್ಠೆಯಿಂದ ನೋಡಿಕೊಂಡೆ. ಮತದಾನದ ಹಕ್ಕಿನ ಪಾವಿತ್ರ್ಯದ ಬಗ್ಗೆ ಎಷ್ಟು ಹುಡುಗರಿಗೆ ನೋಟ್ಸ್ ಬರೆಸಿದ್ದೇನೋ ಲೆಕ್ಕವಿಲ್ಲ.

ಮೂರೂವರೆಗೆ ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು, ಕೆಸರಿನಲ್ಲಿ ಓಡೋಡಿ ಬಂದಳು. ಪಟ್ಟಿಯಲ್ಲಿ ಬಸವಣ್ಣನ ಹೆಸರಿನ ಮುಂದೆ ಗುರುತು ಬಿದ್ದಿಲ್ಲವೆಂದು ಅವಳ ಏಜೆಂಟು ಖುಷಿಯಿಂದ ಹೇಳಿದ್ದನಂತೆ. "ಬಸವಣ್ಣ! ಏಳ್ಲಾ, ಓಟ್ ಹಾಕೋ ಹೊತ್ತು ಮುಗೀತಾ ಬಂತು!" ಅವನು ಎದ್ದು, ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿದ. ಅಕ್ಕ ಉಸಿರು ಬಿಡುತ್ತಾ ಒಲೆಯ ಮುಂದೆ ಕೂತಳು. ನನ್ನ ಕಡೆ ನೋಡಲಿಲ್ಲ.

ಐದು ಗಂಟೆಗೆ ಎಣಿಕೆ ಮುಗಿಯಿತು. ಅಕ್ಕ ಒಂದು ಓಟಿನಿಂದ ಸೋತಿದ್ದಳು. ಡೈರಿಯ ಮುಂದೆ ಪಟಾಕಿ ಸಿಡಿಯುತ್ತಿರುವಾಗ ಬಸವಣ್ಣ ನೇರವಾಗಿ ಬ್ಯಾರನ್ನಿಗೆ ಬಂದು ತಲೆ ತಗ್ಗಿಸಿ ನಿಂತ.

"ಅಕ್ಕಾ, ನಾನು ಓಗ್ದೇ ಇದ್ದಿದ್ರೆ ಸಮ ಆಗೋದು. ಚೀಟಿ ಎತ್ತೋರು."

"ಓಗ್ಬೇಡ ಅನ್ನಕ್ಕೆ ಅದೇನ್ ನನ್ ಓಟಾ? ಕಾವು ಇಳ್ದದೆ ನೋಡು, ಸೌದೆ ತಳ್ಳು."

ಅವನು ತಳ್ಳಿದ. ಆಮೇಲೆ ಮೆಲ್ಲಗೆ, "ಮಿಷಿನ್ನು ತಿರುಗಿಸಕ್ಕೆ ನಮ್ಮನೇಲಿ ನಾನೇ ಹೇಳ್ತೀನಿ ಕಣಕ್ಕ," ಎಂದ.

"ನೀನೇನೂ ಹೇಳ್ಬೇಡ. ವರ್ಷದ ಸಭೇಲಿ ನಾನೇ ಎದ್ದು ನಿಂತು ಕೇಳ್ತೀನಿ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಹೊಗೆ ಎಂದಳು.

ಸಂಜೆ ಬಸವಣ್ಣನಿಗೆ ಬೆಂಕಿ ಒಪ್ಪಿಸಿ, ಅಕ್ಕ ನನ್ನ ಜೊತೆ ಆಟೋದಲ್ಲಿ ಕಂಪಲಾಪುರದವರೆಗೂ ಬಂದಳು. ಹುರುಳಿಕಾಳಿನ ಚೀಲ ಕೈಗಿತ್ತಳು. ಬಸ್ಸಿನ ದೀಪ ದೂರದಲ್ಲಿ ಕಂಡಾಗ ಕೇಳಿದಳು: "ನಿಂಗೂ ಜೋಂಪು ಹತ್ತಿತ್ತೇನೋ? ಅದಕ್ಕೇ ಅವನ್ನ ಎಬ್ಬಿಸ್ಲಿಲ್ಲ ಅಲ್ವಾ?"

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅದಕ್ಕೇ ದಾರಿ ಮಾಡಿಕೊಟ್ಟಿದ್ದಳು.

"ಇಲ್ಲಕ್ಕ, ಎಚ್ಚರವಾಗೇ ಇದ್ದೆ."

"ಗೊತ್ತು ಬುಡು. ಜೋಂಪು ಹತ್ತಿದ್ರೆ ಕನ್ನಡಕ ತೆಗ್ದಿಡೋನು ನೀನು, ಹಾಕ್ಕೊಂಡೇ ಕುಂತಿದ್ದೆ," ಎಂದಳು. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ನನ್ನ ಅಂಗಿಯ ಕಾಲರು ಸರಿಮಾಡಿ, "ಸಭೆ ದಿನ ಬಾ. ನನ್ ಪಕ್ಕ ಕುಂತ್ಕೊಳ್ಳೀವಂತೆ," ಎಂದು ಬಸ್ಸಿಗೆ ಕೈ ಅಡ್ಡ ಹಾಕಿದಳು.

ಕಿಟಕಿಯಿಂದ ತಿರುಗಿ ನೋಡಿದೆ. ಅವಳು ಆಗಲೇ ಆಟೋದವನಿಗೆ ಬೇಗ ನಡೆಯಪ್ಪ ಎನ್ನುತ್ತಿದ್ದಳು. ರಾತ್ರಿ ಬೆಂಕಿ ಕಾಯುವ ಸರದಿ ಅವಳದಿತ್ತು.