ಅವರ ಮೂರು ದಿನ, ನಮ್ಮ ಪುಸ್ತಕ

ಅಡುಗೆಮನೆಗೂ ಹಿತ್ತಿಲ ಪಡಸಾಲೆಗೂ ನಡುವೆ ಒಂದು ಕಿಟಕಿ ಇತ್ತು ಎಂದು ನಾನು ಹೇಳುತ್ತೇನೆ. ಇರಲಿಲ್ಲ, ಬರೀ ಗೋಡೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ಮನೆ ಬಿಟ್ಟು ಬಹಳ ವರ್ಷಗಳಾದವು. ಯಾರ ನೆನಪು ಸರಿ ಎಂದು ಆಣೆಯಿಟ್ಟು ಹೇಳುವ ಧೈರ್ಯ ನನಗಿಲ್ಲ. ಕಿಟಕಿ ಇಲ್ಲದಿದ್ದರೆ, ಒಂದು ಮಧ್ಯಾಹ್ನ ಅವ್ವ ಹಿತ್ತಿಲಲ್ಲಿ ಆಡಿದ ಮಾತು ಒಲೆಯ ಮುಂದೆ ನಿಂತಿದ್ದ ನನ್ನ ಕಿವಿಗೆ ಬಿದ್ದಿರಲು ಸಾಧ್ಯವಿಲ್ಲ. ಬಿದ್ದಿಲ್ಲವಾದರೆ ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದೆಲ್ಲ ನನ್ನದೇ ಕಟ್ಟುಕತೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವನು ಬರೆಯಲು ಕೂರುವ ಮೊದಲೇ ಇದನ್ನು ಹೇಳಿಬಿಡುವುದು ಒಳ್ಳೆಯದು. ಹೇಳಿದ್ದೇನೆ. ಇನ್ನು ಬರೆಯುವುದನ್ನು ಯಾರೂ ತಡೆಯಲಾರರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದಿರಬೇಕು. ಕೃಷ್ಣಮೂರ್ತಿಪುರಂನಲ್ಲಿ ಹಂಚಿನ ಬಾಡಿಗೆ ಮನೆ. ನಾನು, ನನ್ನ ಹೆಂಡತಿ, ನನಗೆ ಕೆಲಸ ಸಿಕ್ಕಿದ ಮೇಲೆ ನಂಜನಗೂಡಿನ ಕಡೆಯ ಊರಿಂದ ಬಂದ ಅವ್ವ, ಮೂವರೇ. ಹೆಂಡತಿ ಮೈಸೂರಿನಲ್ಲೇ ಇಂಟರ್‌ಮೀಡಿಯೆಟ್‌ವರೆಗೆ ಓದಿದವಳು. ಮದುವೆಯಾದ ಮೇಲೂ ಓದು ಬಿಡಲಿಲ್ಲ, ಆದರೆ ಓದುವುದಕ್ಕೆ ಅವಳಿಗೆ ಹೊತ್ತೇ ಇರಲಿಲ್ಲ. ನಾನು ಕಾಲೇಜಿನಿಂದ ತಂದುಕೊಟ್ಟ ಕಾದಂಬರಿ ಒಳಕಲ್ಲಿನ ಪಕ್ಕದಲ್ಲಿ ಮಗುಚಿ ಬಿದ್ದಿರುತ್ತಿತ್ತು. ಒಂದು ಕೈಯಲ್ಲಿ ಗುಂಡು ತಿರುಗಿಸುತ್ತ ಅರ್ಧ ಪುಟ, ಹಾಲು ಉಕ್ಕುವವರೆಗೆ ಇನ್ನರ್ಧ. ಹಿಂದಿರುಗಿಸುವಾಗ ಪುಸ್ತಕ ಉದ್ದಿನ ಹಿಟ್ಟಿನ ವಾಸನೆ ಹೊಡೆಯುತ್ತಿತ್ತು. ಗ್ರಂಥಾಲಯದವರು ನನ್ನ ಮುಖ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ.

ಪಕ್ಕದ ಮನೆಯವರು ಬ್ರಾಹ್ಮಣರು. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಮೊಳಕಾಲೆತ್ತರದ ಗೋಡೆ. ತಿಂಗಳಿಗೆ ಮೂರು ದಿನ ಆ ಮನೆಯಾಕೆ ಹಿತ್ತಿಲ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಮಕ್ಕಳು ಹತ್ತಿರ ಹೋದರೆ "ಕಾಗೆ ಮುಟ್ಟಿದೆ, ಬರಬೇಡ" ಎನ್ನುತ್ತಿದ್ದರು. ಆ ಮೂರು ದಿನ ಅವರ ಯಜಮಾನರು, ಕಚೇರಿಯ ಗುಮಾಸ್ತರು, ಪಂಚೆ ಎತ್ತಿ ಕಟ್ಟಿ ಸಾರು ಮಾಡುತ್ತಿದ್ದರು. ನಮ್ಮ ಕಡೆ ಇದಿಲ್ಲ. ಲಿಂಗ ಕಟ್ಟಿಕೊಂಡ ಮೇಲೆ ಸೂತಕವಿಲ್ಲ ಎನ್ನುವುದು ನಮ್ಮ ಮತದ ಹೆಮ್ಮೆ. ಆ ಹೆಮ್ಮೆಯ ಫಲವಾಗಿ ನಮ್ಮ ಹೆಂಗಸರು ತಿಂಗಳ ಮೂವತ್ತು ದಿನವೂ ಒಲೆಯ ಮುಂದೆ ಇರುತ್ತಿದ್ದರು. ಇದು ನನಗೆ ಹೊಳೆದದ್ದಲ್ಲ, ಹೆಂಡತಿಗೆ ಹೊಳೆದದ್ದು.

ಒಂದು ದಿನ ಗೋಡೆಯ ಈಚೆಯಿಂದ ಅವಳು ಕೇಳಿದಳು. "ಇಷ್ಟು ಹೊತ್ತು ಸುಮ್ನೆ ಕೂರ್ತೀರಲ್ಲ, ಏನಾದ್ರೂ ಓದಬಾರದೇ?"

"ಅಯ್ಯೋ, ಸರಸ್ವತಿ ಕಣ್ರೀ. ಮುಟ್ಟೋ ಹಾಗಿಲ್ಲ."

"ಮತ್ತೆ ಏನು ಮಾಡ್ತೀರಿ?"

"ಹಂಚು ಎಣಿಸ್ತೀನಿ. ನಿಮ್ಮನೇದೂ ಎಣಿಸಾಯ್ತು."

ಸಂಜೆ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಹೆಂಡತಿ ಹೇಳಿದಳು. "ರೀ, ಅವರಿಗೆ ಮೂರು ದಿನ ಇದೆ, ಪುಸ್ತಕ ಇಲ್ಲ. ನಮಗೆ ಪುಸ್ತಕ ಇದೆ, ಮೂರು ದಿನ ಇಲ್ಲ. ಎರಡನ್ನೂ ನಾನೇ ತಗೋತೀನಿ."

ನಾನು ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದನ್ನೆಲ್ಲ ಒಟ್ಟು ಮಾಡಿ ಆಕ್ಷೇಪಣೆ ಎತ್ತಿದೆ. ಮೈಲಿಗೆ ಎನ್ನುವುದು ಮೂಢನಂಬಿಕೆ. ಅದನ್ನು ನಂಬದವರು ಅದರ ಲಾಭ ಪಡೆಯುವುದು ಹೇಗೆ?

"ನೀವು ನಂಬೋದು ಬೇಡ," ಎಂದಳು. "ಅಡುಗೆ ಮಾಡಿದ್ರೆ ಸಾಕು."

ಅವ್ವನ ಆಕ್ಷೇಪಣೆ ನನ್ನದಕ್ಕಿಂತ ಗಟ್ಟಿಯಾಗಿತ್ತು. "ಲಿಂಗ ಕಟ್ಕೊಂಡೋಳ್ಗೆ ಯಾವ ಸೂತಕವವ್ವಾ? ನಮ್ಮ ಮಠದ ಅಯ್ನೋರು ಕೇಳುದ್ರೆ ಏನಂದಾರು? ಪಕ್ಕದ ಮನೆಯೋರ್ನ ನೋಡ್ಕೊಂಡು ನೀನೂ ಮೂಲೆ ಸೇರ್ಕೊಂಡ್‌ಬುಡ್ತೀಯಾ?"

"ಸೂತಕ ಅಂತ ನಾನೆಲ್ಲಿ ಅಂದೆ ಅತ್ತೆ? ಹೊಟ್ಟೆನೋವು. ಮೂರು ದಿನ ಕೂರ್ತೀನಿ ಅಂದೆ."

"ಹೊಟ್ಟೆನೋವಾದೋಳು ಮಲಗ್ತಾಳೆ. ಓದ್ತಾಳಾ?"

"ಓದಿದ್ರೆ ನೋವು ಮರೆತುಹೋಗತ್ತೆ."

"ನಂಗೂ ನೋಯ್ತಿತ್ತು ಕಣಮ್ಮ. ನಾನು ರಾಗಿ ಬೀಸಿ ಮರೀತಿದ್ದೆ."

ಹೆಂಡತಿ ಚಾಪೆ ತೆಗೆದುಕೊಂಡು ಹಿತ್ತಿಲ ಪಡಸಾಲೆಗೆ ಹೋದಳು. ಅವ್ವ ಪ್ರತಿಭಟನೆಯಾಗಿ ಅಡುಗೆಮನೆಗೆ ಕಾಲಿಡಲಿಲ್ಲ. ಉಳಿದವನು ನಾನು.

ಆಗ ನಮ್ಮದು ಮರದ ಹೊಟ್ಟಿನ ಒಲೆ. ನಡುವೆ ಬಾಟಲಿ ನಿಲ್ಲಿಸಿ ಸುತ್ತಲೂ ಹೊಟ್ಟು ಜಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ತೆಗೆಯಬೇಕು. ಸಡಿಲವಾಗಿ ಜಡಿದರೆ ಅನ್ನ ಬೇಯುವ ನಡುವೆಯೇ ಕುಸಿದು ಮನೆಯೆಲ್ಲ ಹೊಗೆ. ಮೊದಲ ತಿಂಗಳು ಮೂರು ದಿನವೂ ಕುಸಿಯಿತು. ಮುದ್ದೆಯಲ್ಲಿ ಗಂಟು. ಅವ್ವ ಒಂದೊಂದೇ ಗಂಟನ್ನು ಆರಿಸಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು ಕೈ ತೊಳೆದುಕೊಂಡರು. ಪಡಸಾಲೆಯಲ್ಲಿ ಹೆಂಡತಿ ಓದುತ್ತಲೇ "ಕೋಲು ಆಡಿಸ್ತಾನೇ ಇರಿ, ನಿಲ್ಲಿಸಬೇಡಿ" ಎಂದು ಹೇಳಿಕೊಡುತ್ತಿದ್ದಳು. ಕಿಟಕಿಯಿಂದಲೇ ಎಂದು ನನ್ನ ನೆನಪು. ಬಾಗಿಲಿಗೆ ಬಂದು ಹೇಳುತ್ತಿದ್ದೆ ಎಂದು ಅವಳ ನೆನಪು.

ಸುದ್ದಿ ಕಾಲೇಜಿಗೂ ತಲುಪಿತು. ಅಧ್ಯಾಪಕರ ಕೋಣೆಯಲ್ಲಿ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು ಕೇಳಿದರು. "ಏನ್ರೀ ತರ್ಕದ ಮೇಷ್ಟ್ರೇ, ತರಗತೀಲಿ ದೇವರೇ ಇಲ್ಲ, ಮನೇಲಿ ಮೈಲಿಗೆ ಇದೆಯಂತೆ?"

"ಮೈಲಿಗೆ ಇಲ್ಲ ಸಾರ್, ಸಾರು ಇದೆ. ನಾನೇ ಮಾಡಿದ್ದು. ಊಟಕ್ಕೆ ಬನ್ನಿ."

ಅವರು ಬರಲಿಲ್ಲ. ಒಲೆಯ ಮುಂದೆ ನಿಂತ ಗಂಡಸನ್ನು ಕಂಡರೆ ಯಾಕೆ ಅಷ್ಟು ನಗು ಬರುತ್ತದೆ ಎಂದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. "ಮನೆಯವರು ಪರೀಕ್ಷೆಗೆ ಕಟ್ಟಿದ್ದಾರಾ? ಹಾಗಾದ್ರೆ ಸರಿ" ಎಂದು ಕೆಲವರು ಉದಾರವಾಗಿ ಹೇಳಿದರು. ಕಟ್ಟಿಲ್ಲ, ಸುಮ್ಮನೆ ಓದುತ್ತಾಳೆ ಎಂದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ನಾನು ಬೇಕೆಂದೇ ಹೋದಲ್ಲೆಲ್ಲ ಹಾಗೆಯೇ ಹೇಳಿದೆ. ಉಪಯೋಗ ತೋರಿಸಿ ಓದಿಗೆ ಅನುಮತಿ ಬೇಡುವ ಕೆಲಸ ನನ್ನಿಂದಾಗದು. ಬಾಗಿಲಲ್ಲಿ ನಿಂತು ನೋಡಿದರೆ, ಹೆಂಡತಿ ಗೋಡೆಗೊರಗಿ, ಬಾಯಿ ಸ್ವಲ್ಪ ತೆರೆದು, ನಾನಿಲ್ಲದ ಯಾವುದೋ ಊರಿನಲ್ಲಿ ಇರುತ್ತಿದ್ದಳು. ಕರೆದರೂ ಕೇಳಿಸದು. ಆ ಮುಖಕ್ಕೆ ನಾನು ಯಾರೂ ಅಲ್ಲ. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ ಅದೇ ಮುಖವನ್ನು ನೋಡಬೇಕೆಂದು ಹೊಟ್ಟನ್ನು ಬಿಗಿಯಾಗಿ ಜಡಿಯುವುದನ್ನು ಕಲಿತೆ. ಪ್ರೀತಿ ಎನ್ನುವ ಮಾತನ್ನು ನಾನು ಎಲ್ಲೆಂದರಲ್ಲಿ ಬಳಸುವವನಲ್ಲ. ಇಲ್ಲಿ ಬಳಸುತ್ತೇನೆ.

ಕೆಲವು ತಿಂಗಳಲ್ಲಿ ಪಕ್ಕದ ಮನೆಯಾಕೆಯೂ ಗೋಡೆಯ ಹತ್ತಿರ ಸರಿದರು. ಇಬ್ಬರ ದಿನಗಳು ಕೂಡಿದಾಗ ಹೆಂಡತಿ ಗಟ್ಟಿಯಾಗಿ ಓದುತ್ತಿದ್ದಳು. ಅವರು ಪುಸ್ತಕ ಮುಟ್ಟುತ್ತಿರಲಿಲ್ಲ. "ಕಿವಿಗೆ ಮೈಲಿಗೆ ಇಲ್ಲ ಬಿಡಿ" ಎನ್ನುತ್ತಿದ್ದರು.

ಆಮೇಲೆ ಹೆಂಡತಿ ಬಸುರಿಯಾದಳು. ಮೂರು ದಿನಗಳು ತಾವಾಗಿಯೇ ನಿಂತವು.

ಅವ್ವ ಬಹಳ ಸಂತೋಷಪಟ್ಟರು, ಮೊಮ್ಮಗುವಿಗಾಗಿ. ಹಿತ್ತಿಲ ಚಾಪೆಗೆ ಇನ್ನು ಕೆಲಸವಿಲ್ಲ ಎನ್ನುವುದೂ ಅದರಲ್ಲಿ ಸೇರಿತ್ತೆಂದು ನನ್ನ ಊಹೆ. ಚಾಪೆಯನ್ನು ಸುತ್ತಿ ಅಟ್ಟದ ಮೇಲೆ ಇಟ್ಟರು. ವಾಂತಿ ಇದ್ದಷ್ಟು ದಿನ ಹೆಂಡತಿ ಪುಸ್ತಕದ ಕಡೆ ನೋಡಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಗ್ಗೆ ನನಗೆ ಹೇಳಿದಳು. "ಈಗ ಬಿಟ್ರೆ ಮುಗೀತು. ಮಗು ಬಂದ ಮೇಲೆ ಯಾರೂ ವಾಪಸ್ ಕೊಡಲ್ಲ. ಚಾಪೆ ಇಳಿಸಿಕೊಡಿ."

ಇಳಿಸಿಕೊಟ್ಟೆ. ಅದು ರಜೆಯ ದಿನ. ನಾನು ಹೊಟ್ಟು ಜಡಿದು, ಒಲೆ ಹೊತ್ತಿಸಿ, ಎಸರಿಟ್ಟೆ. ಅವ್ವ ಪೂಜೆ ಮುಗಿಸಿ ಎದ್ದು ನೇರವಾಗಿ ಹಿತ್ತಿಲಿಗೆ ಹೋದರು. ಕಿಟಕಿ ಇದ್ದದ್ದು ನಿಜವಾದರೆ, ಮುಂದಿನದನ್ನು ನಾನು ಕೇಳಿದ್ದೇನೆ.

"ಈಗ್ಯಾವ ಹೊಟ್ಟೆನೋವವ್ವಾ?"

"ಯಾವ ನೋವೂ ಇಲ್ಲ ಅತ್ತೆ."

"ಮತ್ತೆ?"

"ಓದ್ತಿದೀನಿ."

"ಅಷ್ಟೇಯಾ?"

"ಅಷ್ಟೇ."

ಅವ್ವ ಈಗ ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತಾರೆ ಎಂದುಕೊಂಡೆ. ಹೊರಟರೆ ತಡೆಯಬಾರದು, ಹೆಂಡತಿಗೆ ಏಳು ಎನ್ನಲೂ ಬಾರದು ಎಂದು ತೀರ್ಮಾನಿಸಿ, ಮುದ್ದೆಯ ಕೋಲು ಹಿಡಿದು ನಿಂತೆ. ಆಗ ಅವ್ವನ ದನಿ ಕೇಳಿಸಿತು.

"ಮೊದ್ಲೇ ಅಂಗನ್ನಬಾರ್ದಾಗಿತ್ತಾ? ನೋವು ಗೀವು ಅಂತ ಸುಳ್ಯಾಕೆ ಹೇಳ್ದೆ? ಏಳು, ಇಲ್ಲಿ ನೆಲ ತಂಡಿ. ಬಸುರಿ ಹೆಂಗಸು. ಒಳಗೆ ಕೂತ್ಕೊಂಡು ಓದು."

ಅವ್ವ ಚಾಪೆ ತಂದು ನಡುಮನೆಯಲ್ಲಿ, ಬೀದಿಯ ಬೆಳಕು ಬೀಳುವ ಕಡೆ ಹಾಸಿದರು. ಇದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆ ಚಾಪೆ ಅಲ್ಲಿಂದ ಮತ್ತೆ ಕದಲಲಿಲ್ಲ. ಮಗಳು ಹುಟ್ಟಿದ ಮೇಲೆ ಅದರ ಮೇಲೆಯೇ ಮಲಗಿದಳು, ಹೆಂಡತಿ ಪಕ್ಕದಲ್ಲಿ ಓದಿದಳು. ತಿಂಗಳ ಲೆಕ್ಕ ಯಾರೂ ಕೇಳಲಿಲ್ಲ. ನನ್ನ ಪಾಲಿನ ಅಡುಗೆಯೂ ನಿಲ್ಲಲಿಲ್ಲ. ಮುದ್ದೆಯ ಗಂಟು ಮಾತ್ರ ಕಡಿಮೆಯಾಯಿತು.

ಭಿನ್ನಾಭಿಪ್ರಾಯ ಇರುವುದು ಆ ಮಾತಿನಲ್ಲಿ. ಅತ್ತೆ ಏನೂ ಹೇಳಲಿಲ್ಲ, ಮುಖ ಗಂಟು ಹಾಕಿಕೊಂಡೇ ಚಾಪೆ ಎಳೆದುಕೊಂಡು ಹೋದರು ಎನ್ನುತ್ತಾಳೆ ಹೆಂಡತಿ. "ಆ ಮಾತು ನಿಮ್ಮದು. ಅವರ ಬಾಯಲ್ಲಿ ಇಟ್ಟಿದೀರಿ. ಅಮ್ಮ ಒಳ್ಳೆಯವಳಾಗಬೇಕು ಅಂತ ನಿಮಗೆ ಆಸೆ." ಇರಬಹುದು. ಅವ್ವ ಈಗಿಲ್ಲ, ಕೇಳುವಂತಿಲ್ಲ. ಚಾಪೆ ಹಾಸಿದ ಕೈ ಸಾಲದೆ, ಮಾತೂ ಬೇಕೆ ಎಂದು ಹೆಂಡತಿ ಕೇಳಿದರೆ ನನ್ನ ತರ್ಕಶಾಸ್ತ್ರ ಸುಮ್ಮನಾಗುತ್ತದೆ. ಆದರೆ ನಾನು ಕೇಳಿದ್ದನ್ನು ಕೇಳಿಲ್ಲವೆಂದು ಒಪ್ಪಿಕೊಳ್ಳಲಾರೆ.

ಇಷ್ಟನ್ನು ಬರೆದಿಟ್ಟ ಮೇಲೆ, ಕಳೆದ ವಾರ ಕೃಷ್ಣಮೂರ್ತಿಪುರಂಗೆ ಹೋಗಿ ಆ ಮನೆಯ ಬಾಗಿಲು ತಟ್ಟಿದೆ. ಈಗ ಅಲ್ಲಿರುವವರು ಒಳಗೆ ಬಿಟ್ಟು, ಯಾಕೆಂದೂ ಕೇಳದೆ ಅಡುಗೆಮನೆ ತೋರಿಸಿದರು. ಹೊಟ್ಟಿನ ಒಲೆ ಇದ್ದ ಜಾಗದ ಬಲಕ್ಕೆ, ಹಿತ್ತಿಲ ಪಡಸಾಲೆಯ ಗೋಡೆಯಲ್ಲಿ, ಮರದ ಸರಳುಗಳ ಸಣ್ಣ ಕಿಟಕಿ ಇದೆ.