ನೀರಿನ ಸರದಿಯಲ್ಲಿ ಹದಿನಾಲ್ಕು ಮನೆ

ಅನಾರ್‌ದೆಹ್ ಊರಿನ ನೀರು ಅಳೆಯುವವಳು ಖಾವರ್. ಮೇಲೆ ಬೋಳು ಬೆಟ್ಟ, ಕೆಳಗೆ ಉಪ್ಪಿನ ಬಯಲು. ಬೆಟ್ಟದಡಿಯ ಸುರಂಗದಿಂದ ಬರುವ ಒಂದು ಹರಿವು ನೀರಿನ ಮೇಲೆ ಊರು ನಿಂತಿತ್ತು. ಅಡಿಯಲ್ಲಿ ಸಣ್ಣ ರಂಧ್ರವಿದ್ದ ತಾಮ್ರದ ಬಟ್ಟಲನ್ನು ಅವಳು ಹಂಡೆಯಲ್ಲಿ ತೇಲಿಬಿಡುವಳು. ಅದು ಮುಳುಗಿದ ಕೂಡಲೇ ಮುಂದಿನ ಸರದಿಯವರ ಹೆಸರು ಕೂಗುವಳು. ಹೊಲದಿಂದ ಯಾರಾದರೂ "ಇದ್ದೀನಿ" ಅನ್ನಬೇಕು, ಇಲ್ಲದಿದ್ದರೆ ಆ ಸರದಿಯ ನೀರು ಕೈತಪ್ಪಿದಂತೆ. ಸತ್ತವರ ಹೆಸರನ್ನೂ ಬಿಡುವಂತಿಲ್ಲ. ಊರು ಬಿಟ್ಟವರದನ್ನೂ ಬಿಡುವಂತಿಲ್ಲ. ಹಾಗಾಗಿ ಹದಿನಾಲ್ಕು ಮನೆಯ ಹೆಸರು ಕೂಗಿದರೆ, ಎಲ್ಲರ ಪರವಾಗಿ ಓಗೊಡುತ್ತಿದ್ದವರು ಇಬ್ಬರೇ: ಮೇಲಿನ ಹೊಲದ ಹಬೀಬ್, ಕೆಳಗಿನ ಹೊಲದ ಕುರುಬ ಬರಾತಲಿ.

ಜನಗಣತಿಯ ಹುಡುಗ ಬಂದದ್ದು ಅಂಥದ್ದೊಂದು ಸರದಿಯ ದಿನ. ಬಿಸಿಲಿಗೆ ಅವನ ತಲೆ ಸಿಡಿಯುತ್ತಿತ್ತು. ಖಾವರ್ ನೀರು ಅಳೆಯುವ ಕೋಣೆಯ ನೆರಳಲ್ಲಿ ಕುಸಿದು ಕೂತವನು ಏಳಲೇ ಇಲ್ಲ. ಖಾವರ್ ಕೂಗಿದ ಹೆಸರನ್ನೆಲ್ಲ, ಗೋಡೆಯಾಚೆಯಿಂದ ಬಂದ "ಇದ್ದೀನಿ"ಗಳನ್ನೆಲ್ಲ ಕೇಳಿಕೊಂಡು ತನ್ನ ಯಂತ್ರದಲ್ಲಿ ಒತ್ತುತ್ತ ಹೋದ. ಸರ್ಕಾರಿ ಕೆಲಸವೆಂದರೆ ಹೀಗೂ ಇರುತ್ತದೆ.

"ಹದಿನಾಲ್ಕು ಮನೆ," ಅಂದ ಕೊನೆಗೆ. "ಪರವಾಗಿಲ್ಲ ತಾಯಿ, ಕೆಳಗಿನ ಊರುಗಳಲ್ಲಿ ನಾಯಿ ಕೂಡ ಇಲ್ಲ."

ಖಾವರ್ ಬಾಯಿ ತೆರೆದಳು. ಅಷ್ಟರಲ್ಲಿ ಗುದ್ದಲಿ ಹೊತ್ತು ಬಂದ ಹಬೀಬ್ ಅವಳ ಕೈ ಹಿಡಿದು ಬಾಗಿಲಾಚೆ ಎಳೆದ.

"ಬಾಯಿಗೆ ಬೀಗ ಹಾಕ್ಕೋ. ಅವನೇ ಬರ್ಕೊಂಡಿದ್ದಾನೆ, ನೀನೇನೂ ಹೇಳ್ಲಿಲ್ಲ."

"ಇರೋದು ಮೂರು ಮನೆ, ಹಬೀಬ್."

"ನಂಗೆ ಲೆಕ್ಕ ಬರಲ್ವಾ? ನಾಲ್ಕು ಮನೆಗಿಂತ ಕಮ್ಮಿ ಆದ್ರೆ ಔಷಧಿ ವ್ಯಾನು ಬರಲ್ಲ ಅಂತ ಡ್ರೈವರ್ರೇ ಹೇಳಿದ್ದು. ಜರಫ್ಶಾನ್ ಕಾಲು ನೋಡಿದ್ದೀಯಲ್ಲ. ವ್ಯಾನು ನಿಂತ್ರೆ ಅವಳು ಚಳಿಗಾಲ ಕಾಣಲ್ಲ."

ನೋಡಿದ್ದಳು. ಹಬೀಬನ ಹೆಂಡತಿ ಜರಫ್ಶಾನ್ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು; ದಿನವೂ ಅವಳ ಕಾಲಿನ ಹುಣ್ಣಿಗೆ ಬಟ್ಟೆ ಕಟ್ಟುತ್ತಿದ್ದವಳು ಖಾವರಳೇ. ಮೂವತ್ತು ವರ್ಷದಲ್ಲಿ ಒಂದು ಬಟ್ಟಲು ನೀರಿನ ಲೆಕ್ಕದಲ್ಲೂ ಅವಳು ಸುಳ್ಳಾಡಿರಲಿಲ್ಲ. ಆದರೂ ಗೆಳತಿಯ ಜೀವದ ಮುಂದೆ ಆ ಹೆಮ್ಮೆ ಯಾವ ಸೀಮೆಯದು? ಸುಮ್ಮನಿರುತ್ತೇನೆ ಎಂದು ನಿರ್ಧರಿಸಿಕೊಂಡೇ ಒಳಗೆ ಬಂದಳು.

"ವಯಸ್ಸು ಹೇಳ್ತಾ ಹೋಗಿ," ಅಂದ ಹುಡುಗ. "ಯದುಲ್ಲಾ?"

"ಎಪ್ಪತ್ತೆಂಟು," ಅಂದ ಹಬೀಬ್. ಯದುಲ್ಲಾನ ಗೋರಿಯ ಕಲ್ಲು ಆಗಲೇ ವಾಲಿತ್ತು.

"ಸಫರಲಿ?"

"ಅರವತ್ತು." ಸಫರಲಿ ಊರು ಬಿಟ್ಟು ಮಶ್‌ಹದ್ ನಗರದಲ್ಲಿ ರೊಟ್ಟಿ ಸುಡುತ್ತಿದ್ದ.

ಒಂದೊಂದು ಹೆಸರಿಗೂ ಹಬೀಬ್ ತಡಬಡಾಯಿಸದೆ ಉತ್ತರ ಕೊಟ್ಟ. ಖಾವರ್ ಬಟ್ಟಲನ್ನೇ ನೋಡುತ್ತ ಕೂತಳು. ಇನ್ನು ಮೂರು ಹೆಸರು, ಇನ್ನು ಎರಡು.

"ಮೊರಾದ್. ಇವ್ರು ನಿಮ್ಮ ಮಗ ಅಲ್ವಾ ತಾಯಿ? ನೀವೇ ಹೇಳಿ."

ಸುರಂಗ ಶುಚಿ ಮಾಡಲು ಇಳಿದ ಮೊರಾದನ ಮೇಲೆ ಮಣ್ಣು ಕುಸಿದು ಹತ್ತೊಂಬತ್ತು ವರ್ಷವಾಗಿತ್ತು. ಅಂದಿನಿಂದ ಮಗನ ಹೆಸರನ್ನು ಅವಳು ಕೂಗುತ್ತಿದ್ದಳು, ಹಬೀಬ್ ಓಗೊಡುತ್ತಿದ್ದ.

"ಇಪ್ಪತ್ತೆರಡು," ಅಂದಳು ಖಾವರ್.

"ಹುಟ್ಟಿದ ವರ್ಷ?"

ಅವಳು ನಿಜವಾದ ವರ್ಷವನ್ನೇ ಹೇಳಿದಳು. ಹುಡುಗ ಒತ್ತಿ ನೋಡಿ ನಕ್ಕ. "ನಲವತ್ತೊಂದಾಗುತ್ತೆ ತಾಯಿ. ಮಗನ ವಯಸ್ಸೇ ಮರೆತುಬಿಟ್ರಾ? ಮಕ್ಕಳೆಷ್ಟು ಅವ್ರಿಗೆ?"

ನಲವತ್ತೊಂದರ ಮೊರಾದ್ ಹೇಗಿರುತ್ತಿದ್ದ ಎಂದು ಅವಳು ನೆನೆಯಲು ನೋಡಿದಳು. ಮುಖವೇ ಬರಲಿಲ್ಲ. ಗಡ್ಡ ನರೆತಿರುತ್ತಿತ್ತೋ, ಅಪ್ಪನಂತೆ ಬೆನ್ನು ಬಾಗಿರುತ್ತಿತ್ತೋ. ಇನ್ನು ಮಕ್ಕಳಿಗೆ ಯಾವ ಹೆಸರಿಡಲಿ?

"ಎರಡು," ಅಂದ ಹಬೀಬ್. "ಎರಡು ಅಂತ ಬರ್ಕೊಳ್ಳಪ್ಪ."

"ಅಳಿಸು," ಅಂದಳು ಖಾವರ್. "ಎಲ್ಲಾ ಅಳಿಸು. ಮೂರು ಮನೆ, ನಾಲ್ಕು ಜನ. ನಾನೊಬ್ಬಳು, ಇವ್ನು, ಇವ್ನ ಹೆಂಡ್ತಿ, ಕೆಳಗಿನ ಬರಾತಲಿ."

ಹುಡುಗ ಇಬ್ಬರ ಮುಖವನ್ನೂ ನೋಡಿದ. ಅಳಿಸತೊಡಗಿದ. ಹಬೀಬ್ ಗುದ್ದಲಿಯನ್ನು ಅಲ್ಲೇ ಬಿಟ್ಟು ಹೊಲದ ಕಡೆ ನಡೆದುಬಿಟ್ಟ, ಮನೆಯ ಕಡೆ ಹೋಗಲಿಲ್ಲ.

ನಡೆದದ್ದನ್ನು ಗೆಳತಿಗೆ ಹೇಳುವ ಕೆಲಸ ಖಾವರಳ ಪಾಲಿಗೇ ಬಂತು. ಜರಫ್ಶಾನ್ ಗೋಡೆಗೆ ಒರಗಿದ್ದಳು. ಎಲ್ಲ ಕೇಳಿದಳು.

"ಸತ್ತವನಿಗೋಸ್ಕರ ಬದುಕಿರೋಳ ಕೈ ಬಿಟ್ಟೆ ಅಲ್ವೇನೇ, ಖಾವರ್," ಅಂದಳು. ಬೈದಂತೆ ಇರಲಿಲ್ಲ, ಅದೇ ಖಾವರಳನ್ನು ಕೊಂದಿತು.

ಖಾವರ್ ಬಿಸಿನೀರು ತಂದು ಕಾಲಿನ ಬಟ್ಟೆ ಬಿಚ್ಚತೊಡಗಿದಳು. ಜರಫ್ಶಾನ್ ಕಾಲು ಎಳೆದುಕೊಂಡಳು.