ಏಳನೇ ಮೆಟ್ಟಿಲು

ದೊಡ್ಡಮ್ಮನ ಹಬ್ಬದ ಸೀರೆಗಳಿಗೆಲ್ಲ ಅಡ್ಡಡ್ಡ ಗೆರೆಗಳಿದ್ದವು. ಕೆರೆಯ ನೀರಿನಲ್ಲಿ ತಾಸುಗಟ್ಟಲೆ ನಿಂತು, ನೀರು ಮುಟ್ಟಿದ ಮಟ್ಟಕ್ಕೆ ಬಣ್ಣ ಇಳಿದು ಮೂಡಿದ ಗೆರೆಗಳು. ಒಂದು ಸೀರೆಗೆ ಮಂಡಿಯ ಹತ್ತಿರ, ಇನ್ನೊಂದಕ್ಕೆ ಸೊಂಟದ ಹತ್ತಿರ. ಯಾವ ವರ್ಷ ಮಳೆ ಹೇಗಾಗಿತ್ತೆಂದು ಅವಳ ಟ್ರಂಕು ತೆರೆದು ಹೇಳಬಹುದಿತ್ತು.

ಅವಳು ನನ್ನ ಅಮ್ಮನ ಅಕ್ಕ. ತುರುವೇಕೆರೆ ಕಡೆಯ ಒಂದು ಹಳ್ಳಿಗೆ, ತೆಂಗಿನ ತೋಟದವರ ಮನೆಗೆ ಸೊಸೆಯಾಗಿ ಹೋದವಳು. ಆ ಊರ ಕೆರೆಗೆ ಕಲ್ಲಿನ ಮೆಟ್ಟಿಲುಗಳ ಸ್ನಾನಘಟ್ಟವಿದೆ. ಯುಗಾದಿಗೆ ಮೀಯಲು, ಗೌರಿ ಹಬ್ಬಕ್ಕೆ ಗಂಗೆ ತರಲು ಸುತ್ತಲ ಹಳ್ಳಿಯವರೆಲ್ಲ ಅಲ್ಲಿಗೇ ಬರುತ್ತಾರೆ. ಪ್ರತಿ ಗೌರಿ ಹಬ್ಬಕ್ಕೂ ಅಮ್ಮ ಮತ್ತು ನಾನು ತಿಪಟೂರಿನಿಂದ ಹೊರಟು, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ ದೊಡ್ಡಮ್ಮನ ಮನೆ ಸೇರುತ್ತಿದ್ದೆವು. ಆದರೆ ಕೆರೆಗೆ ಮಾತ್ರ ಅಮ್ಮ ಬರುತ್ತಿರಲಿಲ್ಲ. "ಒಬ್ಬಟ್ಟು ತಟ್ಟೋರ್ಯಾರು?" ಎಂದು ಒಲೆಯ ಮುಂದೆಯೇ ಕೂರುತ್ತಿದ್ದಳು.

ಯಾರ ಕಾಲೂ ತಾಗದ ನೀರಿನಿಂದ ಕಲಶ ತುಂಬಬೇಕೆಂಬುದು ಅಲ್ಲಿಯ ಪದ್ಧತಿ. ಹಬ್ಬದ ಬೆಳಿಗ್ಗೆ ಅಷ್ಟೊಂದು ಕಾಲುಗಳು ಕೆರೆಗಿಳಿದ ಮೇಲೆ ಅಂಥ ನೀರನ್ನು ಎಲ್ಲಿಂದ ತರುವುದು? ಒಬ್ಬಳಿಗಿಂತ ಒಬ್ಬಳು ಒಂದೊಂದು ಮೆಟ್ಟಿಲು ಮುಂದೆ ಹೋಗುವುದು. ಮಡಿಯಲ್ಲೂ ಪೈಪೋಟಿ! ಅದಕ್ಕೇ ದೊಡ್ಡಮ್ಮ ಎಲ್ಲರಿಗಿಂತ ಮೊದಲು ಇಳಿದು, ಬಸವಣ್ಣನನ್ನು ಕೆತ್ತಿದ ಕಲ್ಲಿನಿಂದ ಎಣಿಸಿ, ಆರನೇ ಮೆಟ್ಟಿಲ ಮೇಲೆ ಕಂಬ ನೆಟ್ಟ ಹಾಗೆ ನಿಲ್ಲುತ್ತಿದ್ದಳು. "ಏಳನೇದು ಕಿತ್ತೋಗೈತೆ. ಕೊಡ್ರೇ ಇಲ್ಲಿ ಕಲಶಾನ," ಎಂದು ಈಸಿಕೊಂಡು, ಬಗ್ಗಿ, ಕೈ ಚಾಚಿ, ತನ್ನ ಮುಂದಿನ ನೀರನ್ನು ತುಂಬಿಕೊಡುತ್ತಿದ್ದಳು. ಕೊನೆಯ ಹೆಂಗಸು ಮೆಟ್ಟಿಲು ಹತ್ತುವವರೆಗೂ ಅವಳು ಅಲ್ಲಿಂದ ಕದಲುತ್ತಿರಲಿಲ್ಲ.

ನಾನು ಹುಟ್ಟಿದ್ದೇ ಕೆದಕುವುದಕ್ಕೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳಲ್ಲ. ಕಿತ್ತುಹೋದ ಮೆಟ್ಟಿಲು ಹೇಗಿರುತ್ತದೆ? ಆ ಕಲ್ಲು ಎಲ್ಲಿಗೆ ಹೋಯಿತು? ಎಂಟನೆಯದು ಇದೆಯೋ ಇಲ್ಲವೋ? ಹತ್ತು ವರ್ಷದವಳಿದ್ದಾಗ ಒಮ್ಮೆ, ದೊಡ್ಡಮ್ಮ ಯಾರದೋ ಕಲಶ ತುಂಬುವ ಹೊತ್ತು ನೋಡಿ, ಪಕ್ಕದಿಂದ ನುಸುಳಿ ಒಂದು ಕಾಲು ಮುಂದಕ್ಕೆ ಇಳಿಬಿಟ್ಟೆ. ಕಾಲಿಗೆ ಏನಾದರೂ ಸಿಗುವ ಮೊದಲೇ ನನ್ನ ಜಡೆ ಅವಳ ಕೈಗೆ ಸಿಕ್ಕಿತ್ತು. ಎಳೆದು, ಎಲ್ಲರೆದುರಿಗೇ ಕಪಾಳಕ್ಕೊಂದು ಬಿಗಿದಳು. ಆಮೇಲೆ ಅಪ್ಪಿ ಹಿಡಿದುಕೊಂಡಳು. ಅವಳ ಮೈ ಗಡಗಡ ನಡುಗುತ್ತಿತ್ತು. ನೀರು ತಣ್ಣಗಿದೆಯಲ್ಲ, ಅದಕ್ಕೆ ಎಂದುಕೊಂಡೆ. ಮಧ್ಯಾಹ್ನ ನನ್ನ ಎಲೆಗೆ ಎಲ್ಲರಿಗಿಂತ ದೊಡ್ಡ ಒಬ್ಬಟ್ಟು ಬಿತ್ತು. ಮೇಲೆ ತುಪ್ಪ ಸುರಿದು, "ತಿನ್ನೇ ಮೂದೇವಿ," ಎಂದಳು.

ನಾನು ಕಾಲೇಜಿಗೆ ಹೋಗುವ ಕಾಲಕ್ಕೆ ಒಂದು ಬೇಸಿಗೆ ಆ ಕೆರೆ ಬತ್ತಿತು. ಸುದ್ದಿ ಕಿವಿಗೆ ಬಿದ್ದದ್ದೇ ಬಸ್ಸು ಹತ್ತಿದೆ. ದೊಡ್ಡಮ್ಮನ ಮನೆಗೂ ಹೋಗದೆ ನೇರ ಮೆಟ್ಟಿಲಿಗೆ ಹೋಗಿ, ಬಸವಣ್ಣನಿಂದ ಎಣಿಸಿದೆ. ಐದು, ಆರು, ಏಳು. ಏಳನೆಯದು ಇತ್ತು! ಒಂದು ಚಕ್ಕೆಯೂ ಎದ್ದಿರಲಿಲ್ಲ. ಎಂಟು, ಒಂಬತ್ತೂ ಇದ್ದವು. ಒಂಬತ್ತರ ಬುಡದಲ್ಲಿ ಮಾತ್ರ ನೆಲವಿರಲಿಲ್ಲ. ಎರಡಾಳು ಆಳದ ಗುಂಡಿ, ತಳದಲ್ಲಿ ಇನ್ನೂ ಹಸಿರು ನೀರು.

ಒಂದು ಏಟು ದಂಡಕ್ಕೆ ತಿಂದೆನಲ್ಲ ಎಂದು ಸಿಟ್ಟು ಬಂತು. ಮನೆಗೆ ಹೋದರೆ ದೊಡ್ಡಮ್ಮ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತ, ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನೋಡುತ್ತ ಕೂತಿದ್ದಳು.

"ಏಳನೇದು ಗಟ್ಟಿಮುಟ್ಟಾಗೈತಲ್ಲ ದೊಡ್ಡಮ್ಮ. ಯಾಕೆ ಸುಳ್ಳು ಹೇಳ್ದೆ?"

ಅಲ್ಲಾಡಿಸುತ್ತಿದ್ದ ಕೈ ನಿಂತಿತು. "ಗುಂಡಿ ನೋಡ್ದಾ?"

"ನೋಡ್ದೆ. ಒಂಬತ್ತರ ಆಚೆ ಗುಂಡಿ ಐತೆ ಅಂತ್ಲೇ ಹೇಳ್ಬೋದಿತ್ತು."

"ಹಂಗಂದ್ರೆ ನಿನ್ನಂತೋರು ಒಂಬತ್ತರ ಗಂಟ ಹೋಗಿ ಬಗ್ಗಿ ನೋಡ್ತೀರ ಕಣೇ. ಅದ್ಕೇ ಏಳನೇದನ್ನೇ ಇಲ್ಲ ಅಂದ್ಬುಟ್ಟೆ."

ಉಳಿದದ್ದನ್ನು ನನ್ನ ಮುಖ ನೋಡದೆ ಹೇಳಿದಳು. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ತೆಗೆದು ತೋಟಕ್ಕೆ ಹೊಡೆಸುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಪೂಜೆಯ ಹೂವು ಪತ್ರೆ ಕೊಳೆತು, ಮೆಟ್ಟಿಲ ಬುಡದ ಮಣ್ಣು ಕಪ್ಪಗೆ ಬೆಣ್ಣೆಯಂತಿತ್ತು. "ಅಲ್ಲೇ ಅಗೀರಿ," ಎಂದು ದೊಡ್ಡಪ್ಪನಿಗೆ ತೋರಿಸಿದವಳು, ಆಗಿನ್ನೂ ಹೊಸ ಸೊಸೆಯಾಗಿದ್ದ ದೊಡ್ಡಮ್ಮನೇ. ಆ ವರ್ಷ ಮಳೆ ಕಮ್ಮಿ, ಮೆಟ್ಟಿಲ ಮೇಲೆ ನೀರೂ ಕಮ್ಮಿ. ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಬಂದಿದ್ದ ತಂಗಿ, ಯಾರ ಕಾಲೂ ತಾಗದ ನೀರು ಹುಡುಕುತ್ತ, ಕಲಶ ಹಿಡಿದುಕೊಂಡೇ ಒಂಬತ್ತರಾಚೆ ಹೆಜ್ಜೆಯಿಟ್ಟಳು. ಆ ಕಡೆ ಎಮ್ಮೆ ತೊಳೆಯುತ್ತಿದ್ದವರು ಧುಮುಕಿ ಎಳೆದುಹಾಕಿದರಂತೆ. ಆ ತಂಗಿ ನನ್ನ ಅಮ್ಮ.

"ಎರಡು ಸಲ ಗುಂಡಿ ಮುಚ್ಚುಸ್ದೆ. ನೀರು ಬಂದೇಟ್ಗೆ ಮಣ್ಣು ಕೊಚ್ಕೊಂಡು ಹೋಯ್ತದೆ. ಇನ್ನೇನ್ ಮಾಡ್ಲಿ? ನಾನೇ ನಿಂತ್ಕಂಡೆ."

"ಅಮ್ಮ ನಿನ್ನ ಬೈಲಿಲ್ವಾ?"

"ಎಲ್ಲಿ ಬೈತಾಳೆ! ವರ್ಷಾ ಬತ್ತಾಳೆ, ಒಬ್ಬಟ್ಟು ತಟ್ತಾಳೆ. ಒಂದ್ಸಲ ಬೈದ್ಬುಟ್ಟಿದ್ರೆ ಚೆಂದಾಗಿರೋದು." ಕೈಯಲ್ಲಿದ್ದ ಕಾಯಿಯನ್ನು ಮತ್ತೆ ಕಿವಿಯ ಹತ್ತಿರ ಹಿಡಿದು, "ಏಳನೇದು ಐತೆ ಅಂತ ಯಾರ್ಗೂ ಹೇಳ್ಬ್ಯಾಡ ಕಣೇ," ಎಂದಳು.

ಅಮ್ಮ ಆ ದಿನ ಮೇಲೆ ಬರದಿದ್ದರೆ ಇದನ್ನೆಲ್ಲ ಕೇಳಲು ನಾನೇ ಇರುತ್ತಿರಲಿಲ್ಲ. ಬಾಯಲ್ಲಿ ಒಂದೆಳ್ಳೂ ನೆನೆಯದ ನಾನು ಅದೊಂದು ಮಾತನ್ನು ಉಳಿಸಿಕೊಂಡೆ.

ದೊಡ್ಡಮ್ಮ ತೀರಿಕೊಂಡದ್ದು ಹೋದ ವರ್ಷ, ಬೇಸಿಗೆಗೆ ಮುಂಚೆ. ಗೌರಿ ಹಬ್ಬದ ಹೊತ್ತಿಗೆ ಕೆರೆಗೆ ಒಳ್ಳೆಯ ನೀರು ಬಂದಿತ್ತು. ಅವಳದೇ ಗೆರೆಬಿದ್ದ ಸೀರೆಯೊಂದನ್ನು ಉಟ್ಟು ಎಲ್ಲರಿಗಿಂತ ಮೊದಲು ಇಳಿದೆ. ತಿರುಗಿ ನೋಡಿದರೆ, ಒಬ್ಬಟ್ಟಿನ ಕೆಲಸ ಬಿಟ್ಟು ಬಂದ ಅಮ್ಮ ಬಸವಣ್ಣನ ಕಲ್ಲಿನ ಪಕ್ಕ ನಿಂತಿದ್ದಳು. ಅಲ್ಲಿಂದ ಕೆಳಗೆ ಇಳಿಯಲಿಲ್ಲ, ವಾಪಸ್ಸು ಹೋಗಲೂ ಇಲ್ಲ.

ಕಲಶಗಳನ್ನು ಈಸಿಕೊಳ್ಳುತ್ತಿದ್ದಾಗ ಒಬ್ಬ ಹುಡುಗಿ ನನ್ನ ಪಕ್ಕದಿಂದ ಇಣುಕಿದಳು. ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು, ಇವಳೂ ಕೆದಕುವವಳೇ.

"ಏಳನೇದು ನಿಜವಾಗ್ಲೂ ಕಿತ್ತೋಗೈತಾ ಆಂಟಿ?"

"ಹೂಂ ಕಣೇ, ಕಿತ್ತೋಗೈತೆ," ಎಂದು ಅವಳ ಕಲಶ ಈಸಿಕೊಂಡು ಮುಂದಕ್ಕೆ ಬಗ್ಗಿದೆ. ನೀರಿನೊಳಗೆ ನನ್ನ ಬಲಗಾಲು ಏಳನೇ ಮೆಟ್ಟಿಲ ಮೇಲಿತ್ತು.